ಅಟ್ಟದ ಕೆಳಗಿನ ಮದುವೆ

"ಮದುವೆ ನಮ್ಮ ಅಂಗಳದಲ್ಲೇ ಮಾಡೋಣ ಅಪ್ಪಯ್ಯ" ಎಂದೆ. ಫೋನಿನ ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಪ್ಪಯ್ಯ ಕೇಳಿದ್ದು ಒಂದೇ ಪ್ರಶ್ನೆ.

"ಹಂಗಾರೆ ಅಡಿಕೆ ಎಲ್ಲಿ ಒಣಗಿಸ್ಲಿ?"

ನಮ್ಮದು ಸಾಗರ ತಾಲ್ಲೂಕಿನ ಒಂದು ಸಣ್ಣ ಊರು. ತೋಟ ಇರುವವರ ಅಂಗಳ ನಮ್ಮ ಕಡೆ ಮಳೆಗಾಲದಲ್ಲಿ ಮಾತ್ರ ಖಾಲಿ. ಮಳೆ ನಿಂತ ಕೂಡಲೇ ಕಂಬ ನೆಡುತ್ತಾರೆ, ಗಳ ಕಟ್ಟುತ್ತಾರೆ, ಮೇಲೆ ಅಡಿಕೆ ಮರದ ದಬ್ಬೆ ಹಾಸಿ ಅಟ್ಟ ಮಾಡುತ್ತಾರೆ. ಮೇಲೆ ಅಡಿಕೆ ಒಣಗುತ್ತಿರುತ್ತದೆ, ಕೆಳಗೆ ನಾಯಿ ಮಲಗಿರುತ್ತದೆ. ಮತ್ತೆ ಮಳೆ ಹಿಡಿಯುವ ಮೊದಲು ಎಲ್ಲ ಬಿಚ್ಚಿಡುತ್ತಾರೆ. ನನ್ನ ತಲೆಯಲ್ಲಿ ಇದ್ದಿದ್ದು ಆ ಅಟ್ಟವೇ. ಬೇರೆ ಚಪ್ಪರ ಯಾಕೆ, ಆರು ತಿಂಗಳು ನಿಂತೇ ಇರುತ್ತದಲ್ಲ, ಅದರ ಕೆಳಗೆ ಕೂತು ಮದುವೆ ಆದರಾಯಿತು ಎಂದುಕೊಂಡಿದ್ದೆ. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಕೂತು ಹಾಗೆ ಅಂದುಕೊಳ್ಳುವುದು ಸುಲಭ.

ಕಾರಣ ಇಲ್ಲದೇ ಇರಲಿಲ್ಲ. ಒಂದೇ ವರ್ಷದಲ್ಲಿ ಆಫೀಸಿನವರ ಏಳು ಮದುವೆಗೆ ಹೋಗಿದ್ದೆ. ಏಳರಲ್ಲೂ ಅದೇ ಕೆಂಪು ಸೋಫಾ, ಅದೇ ಪ್ಲಾಸ್ಟಿಕ್ ಹೂವಿನ ಗೋಡೆ, ಫೋಟೋ ತೆಗೆಸಿಕೊಳ್ಳಲು ಅದೇ ಉದ್ದದ ಸಾಲು. ಹುಡುಗ ಹುಡುಗಿ ಮೂರು ಗಂಟೆ ನಿಂತು ನಗುತ್ತಾರೆ. ಮರುದಿನ ಬೆಳಿಗ್ಗೆ ಅದೇ ಸೋಫಾದಲ್ಲಿ ಇನ್ನೊಬ್ಬರು. ನನಗೆ ಆರಾಮಾಗಿ ಕೂರುವ ಮದುವೆ ಬೇಕಿತ್ತು. ಬಣ್ಣ ಬಣ್ಣದ್ದು ಬೇಕಿತ್ತು. ಅಲಂಕಾರವೆಲ್ಲ ಕೈಯಲ್ಲೇ ಮಾಡಬೇಕು ಅನ್ನುವ ಹಠವೂ ಇತ್ತು. ನಾನು ಮದುವೆಯಾಗುವ ಹುಡುಗ, ಇವನಿಗೆ ಯಾವುದಾದರೂ ಸರಿ. "ಊಟ ಛಲೋ ಇರ್ಲಿ ಸಾಕು" ಎಂದು ಕೈ ತೊಳೆದುಕೊಂಡ. ಇವನದು ಧಾರವಾಡದ ಕಡೆ.

ಎರಡೂ ಮನೆಯ ಶಾಸ್ತ್ರ ಹೊಂದುತ್ತಿರಲಿಲ್ಲ, ಜಾತಿಯೂ ಬೇರೆ. ಯಾರ ಪದ್ಧತಿ ಎಂಬ ಜಗಳ ಬೇಡವೆಂದು ಮಂತ್ರ ಮಾಂಗಲ್ಯ ಎಂದು ತೀರ್ಮಾನಿಸಿದೆವು. 1966ರಲ್ಲಿ ಕುಪ್ಪಳಿಯಲ್ಲಿ ಕುವೆಂಪು ತಮ್ಮ ಮಗ ತೇಜಸ್ವಿಯವರ ಮದುವೆ ಮಾಡಿಸಿದ ಕ್ರಮ ಅದು. ಹಿರಿಯರೊಬ್ಬರು ಓದಿಸುತ್ತಾರೆ, ನಾವು ಹೇಳುತ್ತೇವೆ, ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ನನಗೆ ಹೈಸ್ಕೂಲಲ್ಲಿ ಕನ್ನಡ ಕಲಿಸಿದ ಮೇಷ್ಟ್ರು ಓದಿಸಲು ಒಪ್ಪಿದರು. ಕಾನೂನಿನ ಕೆಲಸ ಬೆಂಗಳೂರಿನಲ್ಲೇ ಬೇರೆಯಾಗಿ ಆಯಿತು. ವಿಶೇಷ ವಿವಾಹ ಕಾಯ್ದೆಯಡಿ ನೋಟಿಸ್ ಕೊಟ್ಟು, 30 ದಿನ ಕಾದು, 3 ಸಾಕ್ಷಿಗಳನ್ನು ಕರೆದುಕೊಂಡು ಹೋಗಿ ಸಹಿ ಹಾಕಿ ಬಂದೆವು. ಅದರಲ್ಲಿ ಹೇಳುವಂಥದ್ದು ಏನೂ ಇಲ್ಲ.

ಹೇಳಬೇಕಾದ್ದು ಇರುವುದು ಅಂಗಳದಲ್ಲಿ.

ಮೊದಲು ದಿನಾಂಕ. ಪಂಚಾಂಗದ ಕಾಟ ಇರಲಿಲ್ಲ, ಮಂತ್ರ ಮಾಂಗಲ್ಯಕ್ಕೆ ಮುಹೂರ್ತ ಬೇಕಿಲ್ಲ. ಆದರೆ ಅಡಿಕೆಗೆ ಅದರದೇ ಪಂಚಾಂಗ ಉಂಟು. ಅಪ್ಪಯ್ಯ ಅರ್ಧ ಕೆಂಪಡಿಕೆ ಮಾಡುತ್ತಾರೆ, ಅರ್ಧ ಚಾಲಿ. ಕೆಂಪಡಿಕೆ ಸುಲಿದು ಬೇಯಿಸಿ ಹಾಕಿದರೆ ಒಂದು ವಾರದಲ್ಲಿ ಒಣಗುತ್ತದೆ. ಚಾಲಿಗೆ ಸಿಪ್ಪೆ ಸಮೇತ ಒಂದೂವರೆ ತಿಂಗಳು ಬಿಸಿಲು ಬೇಕು. ಕೊನೆಯ ಕೊಯ್ಲು ಜನವರಿಯಲ್ಲಿ ಮುಗಿದರೂ ಅಟ್ಟ ಖಾಲಿಯಾಗುವುದು ಮಾರ್ಚಿಗೆ. ಮಾರ್ಚ್ ಅಂದರೆ ಮಕ್ಕಳಿಗೆ ಪರೀಕ್ಷೆ. ಏಪ್ರಿಲ್ ಅಂದರೆ ಮಧ್ಯಾಹ್ನ ಮೂರಕ್ಕೆ ಗುಡುಗು, ನಾಲ್ಕಕ್ಕೆ ಗಾಳಿ ಮಳೆ. ಕೊನೆಗೆ ಫೆಬ್ರವರಿಯ ಕಡೇ ಭಾನುವಾರ ಎಂದಾಯಿತು. ಚಾಲಿ ಒಣಗದಿದ್ದರೆ ಅದನ್ನು ಪಕ್ಕದ ಮನೆಯ ಅಂಗಳದಲ್ಲಿ ಹರಡುವುದು, ಬದಲಿಗೆ ಮುಂದಿನ ವರ್ಷ ಅವರ ಅಡಿಕೆ ಸುಲಿಯಲು ನಮ್ಮ ಮನೆಯಿಂದ ಎರಡು ಆಳು ಹೋಗುವುದು ಎಂದು ಅಪ್ಪಯ್ಯ ಮಾತಾಡಿ ಬಂದರು. ನನ್ನ ಮದುವೆಯ ಲೆಕ್ಕದ ಪುಸ್ತಕದಲ್ಲಿ ಮೊದಲು ಬರೆದ ಸಾಲು ಇದು. ದುಡ್ಡಲ್ಲ, ಎರಡು ಆಳು.

ನಮ್ಮಲ್ಲಿ ಇದಕ್ಕೆ ಮುಯ್ಯಾಳು ಎನ್ನುತ್ತಾರೆ. ನೀವು ನಮ್ಮ ಗದ್ದೆಗೆ, ನಾವು ನಿಮ್ಮ ಗದ್ದೆಗೆ. ಈಗ ನಾಟಿಗೂ ಮಿಷನ್ ಬಂದು ಮುಯ್ಯಾಳು ಕಡಿಮೆಯಾಗಿದೆ. ಹೋಗೇಬಿಟ್ಟಿದೆ ಎಂದೇ ನಾನು ಅಂದುಕೊಂಡಿದ್ದೆ.

ಅಟ್ಟದ ವಿಚಾರಕ್ಕೆ ಬಂದರೆ, ಅದು ಅಡಿಕೆಗೆ ಕಟ್ಟಿದ್ದು, ಮನುಷ್ಯರಿಗಲ್ಲ. ಅಪ್ಪಯ್ಯ ಐದಡಿ ಎರಡಂಗುಲ ಇದ್ದಾರೆ, ಅವರ ತಲೆ ತಾಗದಿದ್ದರೆ ಆಯಿತು ಎಂಬ ಲೆಕ್ಕದಲ್ಲಿ ಕಟ್ಟಿದ್ದರು. ಇವನು ಆರಡಿ. ಮೊದಲ ಸಲ ಮನೆ ನೋಡಲು ಬಂದಾಗಲೇ ಹಣೆ ಕುಟ್ಟಿಸಿಕೊಂಡಿದ್ದ. ಹಾಗಾಗಿ ಆ ವರ್ಷ ನವೆಂಬರಿನಲ್ಲಿ ಕಂಬ ನೆಡುವಾಗಲೇ ಎರಡೂವರೆ ಅಡಿ ಜಾಸ್ತಿ ಎತ್ತರಿಸಿದರು. ಇದರಿಂದ ಅಮ್ಮನಿಗೆ ದಿನಾ ಅಡಿಕೆ ಹರಡಲು, ಕೈಯಾಡಿಸಲು ಏಣಿ ಬೇಕಾಯಿತು. ನಾಲ್ಕು ತಿಂಗಳು ಅವರು ಆ ಏಣಿ ಹತ್ತಿ ಇಳಿದಿದ್ದಾರೆ. ಫೋಟೋಗಳಲ್ಲಿ ಏಣಿ ಇಲ್ಲ.

ಮದುವೆಗೆ ವಾರ ಇರುವಾಗ ದಬ್ಬೆಯ ಮೇಲೆ ತೆಂಗಿನ ಗರಿ, ಅಡಿಕೆ ಸೋಗೆ ಹಾಸಿದೆವು. ನೆರಳಿಗೆ ಸೋಗೆಯಷ್ಟು ಒಳ್ಳೆಯದು ಬೇರೆ ಇಲ್ಲ. ಶಾಮಿಯಾನದ ಕೆಳಗೆ ಮಧ್ಯಾಹ್ನ ಬೇಯುತ್ತದೆ. ಸೋಗೆಯ ಕೆಳಗೆ ಬಿಸಿಲು ಚಿಲ್ಲರೆ ಕಾಸಿನ ಹಾಗೆ ಉದುರುತ್ತದೆ.

ಇನ್ನು ಬಣ್ಣ. ನನ್ನ ಕನಸಿನಲ್ಲಿ ಅಂಗಳದ ಉದ್ದಕ್ಕೂ ಬಟ್ಟೆಯ ಪತಾಕೆಗಳಿದ್ದವು. ಅಂಗಳ ಸುಮಾರು 40 ಅಡಿ ಉದ್ದ. ಆರು ಸಾಲು, ಅಡಿಗೊಂದು ಪತಾಕೆ ಅಂದರೆ 240 ತ್ರಿಕೋನ. ಪೇಟೆಯಲ್ಲಿ ಪಾಲಿಯೆಸ್ಟರಿನದು ಸಿಗುತ್ತದೆ, ನನಗೆ ಬೇಡ. ನಮ್ಮ ಪಕ್ಕದ ಹೆಗ್ಗೋಡಿನ ಚರಕ ಎಂಬ ಮಹಿಳಾ ಸಹಕಾರ ಸಂಘದವರು ಕೈಮಗ್ಗದ ಬಟ್ಟೆಗೆ ಅಡಿಕೆ ಚೊಗರಿನ ಬಣ್ಣ ಹಾಕುವುದನ್ನು ಚಿಕ್ಕಂದಿನಿಂದ ಕೇಳಿ ಗೊತ್ತು. ಚೊಗರು ನಮ್ಮ ಮನೆಯಲ್ಲೇ ಹಂಡೆಗಟ್ಟಲೆ ಇದೆ. ಕೆಂಪಡಿಕೆ ಬೇಯಿಸಿದಾಗ ಉಳಿಯುವ ಗಟ್ಟಿ ಕೆಂಪು ರಸ ಅದು. ಒಂದು ತೊಟ್ಟು ಅಂಗಿಗೆ ಬಿದ್ದರೆ ಜನ್ಮದಲ್ಲಿ ಹೋಗುವುದಿಲ್ಲ ಎಂದು ಬೈಸಿಕೊಂಡೇ ಬೆಳೆದವಳು ನಾನು. ಹಾಗಿದ್ದ ಮೇಲೆ ಬೇಕೆಂದೇ ಬೀಳಿಸಿದರೆ ಹೇಗೆ?

ಡಿಸೆಂಬರಿನಲ್ಲಿ ಹತ್ತು ದಿನ ರಜೆ ಹಾಕಿ ಊರಿಗೆ ಬಂದೆ. ಬಿಳಿ ಕಾಟನ್ ಬಟ್ಟೆ, ಅಜ್ಜಿಯ ಹಳೇ ಪಂಚೆ, ಹರಿದ ಬೆಡ್‌ಶೀಟು ಎಲ್ಲ ಸೇರಿಸಿದೆ. ಮೊದಲು ಬಟ್ಟೆಯ ಗಂಜಿ ಹೋಗುವ ಹಾಗೆ ಕುದಿಸಿ ಒಗೆಯಬೇಕು. ಇದನ್ನು ಬಿಟ್ಟರೆ ಬಣ್ಣ ಚುಕ್ಕೆ ಚುಕ್ಕೆಯಾಗಿ ಕೂರುತ್ತದೆ. ಮೊದಲ ಕಂತು ನನಗೆ ಹಾಗೇ ಆಯಿತು, ಚಿರತೆಯ ಮೈ. ಎರಡನೇ ಕಂತಿಗೆ ಸರಿಯಾಗಿ ಒಗೆದು, ಪಟಿಕದ ನೀರಲ್ಲಿ ನೆನೆಸಿ, ಚೊಗರಿನಲ್ಲಿ ಒಂದು ಗಂಟೆ ಕುದಿಸಿ, ರಾತ್ರಿಯೆಲ್ಲ ಅದರಲ್ಲೇ ಬಿಟ್ಟೆ. ಬೆಳಿಗ್ಗೆ ಹಿಂಡಿ ನೆರಳಲ್ಲಿ ಹಾಕಿದರೆ ಇಟ್ಟಿಗೆಯ ಕೆಂಪು. ಅದನ್ನು ನೋಡಿ ನನಗೆ ಎಷ್ಟು ಖುಷಿಯಾಯಿತೆಂದರೆ ಹಸಿ ಬಟ್ಟೆಯನ್ನೇ ಹೆಗಲಿಗೆ ಹಾಕಿಕೊಂಡು ಅಮ್ಮನಿಗೆ ತೋರಿಸಲು ಓಡಿದೆ. ನನ್ನ ನೈಟಿಯೂ ಅದೇ ಬಣ್ಣವಾಯಿತು.

ಕಪ್ಪು ಇನ್ನೂ ಮಜ. ತುಕ್ಕು ಹಿಡಿದ ಮೊಳೆ, ಹಳೇ ಕತ್ತಿಯ ತುಂಡುಗಳನ್ನು ಬೆಲ್ಲದ ನೀರಿನಲ್ಲಿ ಹಾಕಿ ಹದಿನೈದು ದಿನ ಮುಚ್ಚಿಡಬೇಕು. ಹುಳಿ ಬಂದು ನಾರುತ್ತದೆ. ಚೊಗರಿನ ಬಟ್ಟೆಯನ್ನು ಆ ನೀರಿಗೆ ಅದ್ದಿ ಎತ್ತಿದರೆ ಕಣ್ಣೆದುರೇ ಕಪ್ಪಾಗುತ್ತದೆ. ಅಡಿಕೆಯ ಒಗರಿಗೆ ಕಬ್ಬಿಣ ಸೇರಿದರೆ ಹಾಗಾಗುವುದು. ಅಡಿಕೆ ಕತ್ತರಿಸಿದ ಕತ್ತಿಯ ಅಲಗು ಕಪ್ಪಾಗುವುದನ್ನು ನಮ್ಮ ಮನೆಯಲ್ಲಿ ಎಲ್ಲರೂ ದಿನಾ ನೋಡುತ್ತಾರೆ. ಯಾರಿಗೂ ಅದು ಬಣ್ಣ ಎಂದು ಹೊಳೆದಿರಲಿಲ್ಲ, ಅಷ್ಟೇ.

ಹಳದಿಯಲ್ಲಿ ಸೋತೆ. ಅರಿಶಿನದಲ್ಲಿ ಕುದಿಸಿದರೆ ಬಂಗಾರದಂಥ ಹಳದಿ ಬರುತ್ತದೆ, ಸುಳ್ಳಲ್ಲ. ಎಂಬತ್ತು ತ್ರಿಕೋನ ಹಳದಿ ಮಾಡಿ ಹೆಮ್ಮೆಯಿಂದ ತಂತಿಗೆ ಹಾಕಿ ಬೆಂಗಳೂರಿಗೆ ಹೋದೆ. ಸ್ವಲ್ಪ ಮಣ್ಣಾಗಿದೆ ಎಂದು ಸೋದರತ್ತೆ ಅರ್ಧದಷ್ಟನ್ನು ಬಟ್ಟೆ ಸೋಪು ಹಚ್ಚಿ ತೊಳೆದರು. ಎಲ್ಲ ಕೆಂಪು. "ಕೂಸೇ, ನಿನ್ನ ಬಟ್ಟೆಗೆ ಎಂತೋ ಆಗದೆ, ರಕ್ತ ಬಂದಂಗೆ ಆಗದೆ" ಎಂದು ಹೆದರಿ ಫೋನ್ ಮಾಡಿದ್ದರು. ಅರಿಶಿನಕ್ಕೆ ಸುಣ್ಣ ಸೇರಿದರೆ ಓಕುಳಿ ಕೆಂಪಾಗುತ್ತದಲ್ಲ, ಸೋಪಿನ ಖಾರಕ್ಕೂ ಅದೇ ಕತೆ. ತೊಳೆಯದೆ ಉಳಿದ ಅರ್ಧ ಮೂರೇ ಬಿಸಿಲಿಗೆ ಬೆಳ್ಳಗಾಗಿತ್ತು. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ. ಮಾಡುವವರಿದ್ದರೆ ಮದುವೆಯ ಹಿಂದಿನ ದಿನ ಮಾಡಿ, ಸಂಜೆಯವರೆಗೆ ಇರುತ್ತದೆ.

ಜನವರಿಯಲ್ಲಿ ಅತ್ತೆ, ಅಂದರೆ ಇವನ ತಾಯಿ, ನಮ್ಮ ಮನೆಗೆ ಬಂದರು. ನನ್ನ ಪತಾಕೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು.

"ಕೆಲಸ ಛಲೋ ಮಾಡೀವಾ. ಆದ್ರ ಎಲ್ಲಾ ಮಣ್ಣಿನ ಬಣ್ಣಾನ ಆತಲ್ಲ. ಮದುವಿ ಮನ್ಯಾಗ ಒಂದೀಟು ಝಗಝಗ ಬ್ಯಾಡೇನು?"

ಮುಂದಿನ ವಾರ ಬಸ್ಸಿನಲ್ಲಿ ಒಂದು ಚೀಲ ಬಂತು. ಒಳಗೆ ಗುಳೇದಗುಡ್ಡ ಖಣದ ತುಂಡುಗಳು. ಅವರ ಓಣಿಯ ಟೇಲರ್ ಹತ್ತಿರ ಕುಬಸ ಹೊಲಿದು ಉಳಿದ ಚೂರುಗಳನ್ನೆಲ್ಲ ಕೇಳಿ ಇಸಿದುಕೊಂಡಿದ್ದರು. ಗಿಳಿ ಹಸಿರು, ನೇರಳೆ, ನವಿಲಿನ ನೀಲಿ, ಎಲ್ಲದರಲ್ಲೂ ಸಣ್ಣ ಸಣ್ಣ ಬುಟ್ಟಾ. ನೀಲಿ ನನ್ನಿಂದ ಮಾಡಲು ಸಾಧ್ಯವೇ ಇರಲಿಲ್ಲ, ಅದು ತಾನಾಗಿ ಬಂತು. ಚೊಗರಿನ ಕೆಂಪಿನ ಪಕ್ಕ ಖಣದ ನೇರಳೆ ಇಟ್ಟು ನೋಡಿದೆ. ಅತ್ತೆ ಹೇಳಿದ್ದು ಸರಿ. ಅಮ್ಮ ತಮ್ಮ ಹಳೇ ಹೊಲಿಗೆ ಮಿಷನ್ನಿನಲ್ಲಿ ನಾಲ್ಕು ರಾತ್ರಿ ಕೂತು ಹೊಲಿದರು.

ಆದರೆ ಮದುವೆಯ ಅಲಂಕಾರ ಅಂದರೆ ನಮ್ಮ ಮನೆಯವರ ಪಾಲಿಗೆ ಪತಾಕೆಯಲ್ಲ. ಹಸೆ. ನಾವು ದೀವರು. ನಮ್ಮಲ್ಲಿ ಮದುವೆಗೆ ಮನೆಯ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯಬೇಕು, ಅದರ ಮುಂದೆ ಹುಡುಗ ಹುಡುಗಿಯನ್ನು ಕೂರಿಸಬೇಕು. ಕೆಮ್ಮಣ್ಣು ಬಳಿದ ಗೋಡೆ. ಅಕ್ಕಿ ನೆನೆಸಿ ಅರೆದ ಬಿಳಿ. ಅಕ್ಕಿ ಹುರಿದು ಸುಟ್ಟ ಕಪ್ಪು. ಗುರಿಗೆ ಕಾಯಿಯ ಹಳದಿ. ಪುಂಡಿ ನಾರಿನ ಕುಂಚ. ಗೆರೆಯೆಂದರೆ ನೂಲು ಹಿಡಿದ ಹಾಗೆ ನೇರ.

ತೊಂದರೆ ಎರಡು. ಒಂದು, ನಾಲ್ಕು ವರ್ಷದ ಹಿಂದೆ ಅಣ್ಣ ಮನೆಗೆಲ್ಲ ಆಯಿಲ್ ಪೇಂಟ್ ಹೊಡೆಸಿದ್ದ, ಅದರ ಮೇಲೆ ಕೆಮ್ಮಣ್ಣು ನಿಲ್ಲುವುದಿಲ್ಲ. ಎರಡು, ಮದುವೆ ಅಂಗಳದಲ್ಲಿ, ಅಂಗಳಕ್ಕೆ ಗೋಡೆ ಎಲ್ಲಿ? ನಾನು ಬುದ್ಧಿವಂತೆಯಂತೆ "ಫ್ಲೆಕ್ಸ್ ಮೇಲೆ ಪ್ರಿಂಟ್ ಹಾಕಿಸೋಣ" ಎಂದೆ. ಕೆಳಮನೆ ದೊಡ್ಡಮ್ಮ ಅಲ್ಲೇ ಕೂತು ಎಲೆ ಹಾಕುತ್ತಿದ್ದರು. ಎಪ್ಪತ್ತು ದಾಟಿದವರು, ನಮ್ಮೂರಿನ ಅರ್ಧ ಹಸೆ ಅವರ ಕೈಯದು. ನನ್ನ ಮುಖ ನೋಡಲೂ ಇಲ್ಲ.

"ಹಂಗಾರೆ ಊಟನೂ ಫ್ಲೆಕ್ಸಲ್ಲೇ ಹಾಕ್ಸು."

ಆಮೇಲೆ ಅವರೇ ದಾರಿ ಹೇಳಿದರು. ಗೋಡೆ ಇಲ್ಲದಿದ್ದರೆ ಗೋಡೆ ಮಾಡು. ಬಿದಿರಿನ ತಟ್ಟಿ ಹೆಣೆಸಿ, ಎಂಟಡಿ ಉದ್ದ ಆರಡಿ ಎತ್ತರ, ಅದಕ್ಕೆ ಮಣ್ಣು ಮೆತ್ತುವುದು. ನಾನು, ಇವನು, ಇವನ ಇಬ್ಬರು ಗೆಳೆಯರು ಒಂದು ಶನಿವಾರ ಮೆತ್ತಿದೆವು. ಕೆರೆ ಮಣ್ಣು ಚೆನ್ನಾಗಿ ನಾದಿ, ಕನ್ನಡಿಯ ಹಾಗೆ ನುಣ್ಣಗೆ ಮಾಡಿ, ಫೋಟೋ ತೆಗೆದು ಎಲ್ಲರಿಗೂ ಕಳಿಸಿದೆವು. ಸೋಮವಾರ ಅಮ್ಮ ಕಳಿಸಿದ ಫೋಟೋದಲ್ಲಿ ಅದು ಬೇಸಿಗೆಯ ಕೆರೆಯ ತಳದಂತೆ ಬಿರಿದಿತ್ತು. ಅಂಟು ಜಾಸ್ತಿಯಾದ ಮಣ್ಣು ಒಣಗುವಾಗ ಎಳೆದುಕೊಂಡು ಸೀಳುತ್ತದೆ. ದೊಡ್ಡಮ್ಮ ಮೊದಲೇ ಹೇಳಬಹುದಿತ್ತಲ್ಲ ಎಂದರೆ, "ನೀವು ಕೇಳ್ಲಿಲ್ಲ" ಎಂದರು. ಎರಡನೇ ಸಲ ಮಣ್ಣಿಗೆ ಮರಳು, ಸಗಣಿ, ಕೊಚ್ಚಿದ ಹುಲ್ಲು ಸೇರಿಸಿ, ಎರಡು ದಿನ ಕೊಳೆಯಲು ಬಿಟ್ಟು, ತೆಳ್ಳಗೆ ಮೂರು ಸಲ ಮೆತ್ತಿದೆವು. ಒಂದು ಕೂದಲೆಳೆ ಬಿರುಕೂ ಬರಲಿಲ್ಲ.

ಹಳದಿಯದ್ದು ಇನ್ನೊಂದು ಕತೆ. ಗುರಿಗೆ ಕಾಯಿಗೆ ಕಾಡಿಗೆ ಹೋಗಬೇಕು. ತೋರಣಕ್ಕೆ ಸೊಪ್ಪು, ಕಾಡಹೂವು ತರುವ ಆಸೆಯೂ ನನಗಿತ್ತು. ಚಿಕ್ಕಮ್ಮ ಆಶಾ ಕಾರ್ಯಕರ್ತೆ. ಖಡಾಖಂಡಿತ ಬೇಡ ಎಂದರು. ಡಿಸೆಂಬರಿನಿಂದ ಮೇವರೆಗೆ ನಮ್ಮಲ್ಲಿ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ಕಾಯಿಲೆ, ಉಣ್ಣೆ ಹುಳ ಕಚ್ಚಿ ಹರಡುತ್ತದೆ, ಇಂದಿಗೂ ಜೀವ ತೆಗೆಯುತ್ತದೆ. "ಸೊಪ್ಪು ತರಕ್ಕೆ ಹೋಗಿ ನೆಂಟ್ರಿಗೆ ಜ್ವರ ಹಂಚದು ಬ್ಯಾಡ" ಎಂದು ಬೈದರು. ಹಸಿರೆಲ್ಲ ತೋಟದ್ದೇ ಆಯಿತು. ಬಾಳೆ, ಮಾವು, ತೆಂಗು, ಅಷ್ಟೇ. ಗುರಿಗೆ ದೊಡ್ಡಮ್ಮನ ಹತ್ತಿರವೇ ಇತ್ತು. ಒಣಗಿಸಿ ಡಬ್ಬದಲ್ಲಿ ಇಟ್ಟುಕೊಂಡಿದ್ದರು, ಯಾರದೋ ಮದುವೆ ಬಂದೇ ಬರುತ್ತದೆ ಎಂದು.

ಮದುವೆಗೆ ಮೂರು ದಿನ ಇರುವಾಗ ಬರೆಯಲು ಕೂತರು. ದೊಡ್ಡಮ್ಮ, ಅವರ ಸೊಸೆ, ಪಕ್ಕದೂರಿನಿಂದ ಬಂದ ಒಬ್ಬರು ಅಕ್ಕ. ಹಾಡು ಹೇಳುತ್ತಾ ಬರೆಯುತ್ತಾರೆ, ಹಾಡು ನಿಂತರೆ ಕೈಯೂ ನಿಲ್ಲುತ್ತದೆ. ಮೊದಲು ಸುತ್ತಲಿನ ಚೌಕಟ್ಟು, ಆಮೇಲೆ ನಡುವೆ ಹೆಣ್ಣು ಗಂಡಿನ ಗೊಂಬೆ, ಬಾಸಿಂಗ, ದಂಡಿಗೆ. ನನಗೂ ಒಂದು ಕುಂಚ ಕೊಟ್ಟರು. ನಾನು ಎಳೆದ ಗೆರೆ ಹಾವಿನಂತೆ ಹೋಯಿತು. ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಕೊಟ್ಟರು. ಮತ್ತೆ ಹಾವು. ಮೂರನೇ ಸಲ ಒರೆಸಲಿಲ್ಲ. "ಇರ್ಲಿ, ಇದು ನಿಂದು ಅಂತ ಗುರ್ತಿಗೆ" ಎಂದರು. ಎಡಗಡೆ ಕೆಳಮೂಲೆಯಲ್ಲಿ ಅದು ಈಗಲೂ ಇದೆ.

ಒಂದು ಬೈಗುಳವನ್ನೂ ಬರೆದುಬಿಡುತ್ತೇನೆ. ಭೂಮಿ ಹುಣ್ಣಿಮೆಗೆ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಗಳು ಮನೆಯಲ್ಲಿ ನಾಲ್ಕಾರು ಇದ್ದವು. ಚೆಂದ ಕಾಣುತ್ತದೆಂದು ಅವನ್ನು ಬಲ್ಬುಗಳ ಮೇಲೆ ಬೋರಲು ಹಾಕಿ ತೂಗಿಬಿಟ್ಟೆ. ದೊಡ್ಡಮ್ಮ ನೋಡಿದವರೇ, "ಅದು ಬಸುರಿ ಭೂಮಿತಾಯಿಗೆ ಬಯಕೆ ಊಟ ಹೊತ್ತ ಬುಟ್ಟಿ. ನಿನ್ನ ಬಲ್ಬಿಗೆ ಟೊಪ್ಪಿ ಅಲ್ಲ" ಎಂದರು. ಇಳಿಸಿದೆ. ನನಗೆ ಬೇಜಾರಾಯಿತು, ನಾಚಿಕೆಯೂ ಆಯಿತು. ಚೆಂದ ಕಂಡದ್ದನ್ನೆಲ್ಲ ತೂಗಿಹಾಕುವ ಚಾಳಿ ನನಗೆ ಎಲ್ಲಿಂದ ಬಂತೋ. ಬಲ್ಬಿಗೆ ಸಂತೆಯ ಬಿದಿರು ಬುಟ್ಟಿ ತಂದೆ. ಅದರ ಸಂದುಗಳಿಂದ ನೆರಳು ನೆಲದ ಮೇಲೆ ಬಲೆ ಬಲೆಯಾಗಿ ಬಿತ್ತು. ನಿಜ ಹೇಳಬೇಕೆಂದರೆ ಅದೇ ಚೆನ್ನಾಗಿತ್ತು.

ದೀಪದ ಆಸೆಯೂ ಅರ್ಧಕ್ಕೇ ನಿಂತಿತು. ಕರಟದಲ್ಲಿ ಎಣ್ಣೆ ಬತ್ತಿ ಹಾಕಿ ಅಟ್ಟದಿಂದ ಇಳಿಬಿಡುವುದು ನನ್ನ ಯೋಜನೆ. ಮೇಲೆ ಒಣ ಸೋಗೆ, ಕೆಳಗೆ ಬೆಂಕಿ. ಚಿಕ್ಕಪ್ಪ ಏನೂ ಹೇಳದೆ ಒಂದು ಒಣ ಸೋಗೆ ತುಂಡನ್ನು ತಂದು ನನ್ನೆದುರು ಕಡ್ಡಿ ಗೀರಿದರು. ಬುಸ್ ಎಂದು ಆಳೆತ್ತರ ಎದ್ದಿತು. ಕರಟದ ದೀಪಗಳು ತುಳಸಿ ಕಟ್ಟೆಯ ಸುತ್ತ ಮರಳಿನ ಮೇಲೆ ಕೂತವು. ಮೂಲೆಯಲ್ಲಿ ಎರಡು ಡ್ರಮ್ ನೀರೂ ಕೂತಿತು.

ಸಿಂಗಾರದ ಪಂಚಾಯಿತಿ ಮಾತ್ರ ಎರಡು ದಿನ ನಡೆಯಿತು. ಅಡಿಕೆಯ ಹೂವಿನ ಹೊಂಬಾಳೆಗೆ ಬೇರೆ ಕಡೆ ಹಿಂಗಾರ ಎನ್ನುತ್ತಾರೆ. ಅದು ಇಲ್ಲದೆ ನಮ್ಮಲ್ಲಿ ಶುಭಕಾರ್ಯ ಇಲ್ಲ. ಆ ಹೊತ್ತಿಗೆ ತೋಟದಲ್ಲಿ ಹಾಳೆ ಒಡೆದು ಬೆಳ್ಳಗೆ ಇಣುಕುತ್ತಿರುತ್ತದೆ. ನಾನು ಕಂಬಕ್ಕೆ ಎರಡರಂತೆ 60 ಕೇಳಿದೆ. ಅಪ್ಪಯ್ಯ ಕನ್ನಡಕ ತೆಗೆದರು.

"ಒಂದು ಸಿಂಗಾರ ಅಂದ್ರೆ ಮುಂದಿನ ವರ್ಷದ ಒಂದು ಕೊನೆ ಅಲ್ದಾ? ಮರಕ್ಕೆ ಬರದೇ ಮೂರೋ ನಾಕೋ. ಅರವತ್ತು ಕೊನೆ ಅಡಿಕೆ ಕಂಬಕ್ಕೆ ಕಟ್ತ್ಯಾ?"

ಈ ಲೆಕ್ಕ ನಾನು ಯಾವತ್ತೂ ಹಾಕಿರಲಿಲ್ಲ. ಬೆಂಗಳೂರಿನ ಮಾರ್ಕೆಟ್ಟಿನಲ್ಲಿ ಅದು ಬರೀ ಹೂವು. ಕೊನೆಗೆ ಹಳೇ ಮರಗಳದ್ದು, ರೋಗ ಹತ್ತಿದ ಮರಗಳದ್ದು ಎಂದು ಆರಿಸಿ 11 ಕೊಟ್ಟರು. ಕೊನೆಗೌಡ ಮರ ಹತ್ತಿ ಒಂದೊಂದನ್ನೂ ಹಗ್ಗದಲ್ಲಿ ಇಳಿಸಿದ. ಹಸೆಯ ಎರಡು ಕಡೆ ನಾಲ್ಕು, ಬಾಗಿಲಿಗೆ ಎರಡು, ನನ್ನ ಜಡೆಗೆ ಸ್ವಲ್ಪ, ಉಳಿದದ್ದು ಹಸೆಯ ಮುಂದಿನ ಕಂಬಗಳಿಗೆ. ಹನ್ನೊಂದೇ ಇದ್ದುದಕ್ಕೆ ಎಲ್ಲರೂ ಅದನ್ನು ನೋಡಿದರು.

ಮದುವೆಯ ದಿನ ಬೆಳಿಗ್ಗೆ ಐದಕ್ಕೆ ಎದ್ದು ಹೊರಗೆ ಬಂದೆ. ನನ್ನ ಗೆಳತಿಯರು ಎರಡು ವಾರ ಕೂತು ಮಡಚಿದ ಬಣ್ಣದ ಕಾಗದದ ಹಕ್ಕಿಗಳು, ಸುಮಾರು 300, ಒದ್ದೆ ಚಿಂದಿಯಾಗಿ ಜೋತಿದ್ದವು. ಇಬ್ಬನಿ. ಫೆಬ್ರವರಿಯಲ್ಲಿ ನಮ್ಮಲ್ಲಿ ಬೆಳಗಿನ ಜಾವ ಹಂಚಿನಿಂದ ನೀರು ತೊಟ್ಟಿಕ್ಕುತ್ತದೆ. ಅಲ್ಲೇ ಹುಟ್ಟಿ ಬೆಳೆದ ನಾನು ಮರೆತಿದ್ದೆ. ಒಂದು ಹಕ್ಕಿಯ ಕೆಂಪು ಬಣ್ಣ ಇಳಿದು ಬಿಳಿ ಕುರ್ಚಿಯ ಮೇಲೆ ಹನಿದಿತ್ತು. ಅಷ್ಟರಲ್ಲಿ ಹಿಂದಿನಿಂದ ಏನೋ ಕಿತ್ತ ಸದ್ದು. ಬಾಳೆ ಕಂಬದ ಗೊನೆಯನ್ನು ಮಂಗಗಳು ಹಂಚಿಕೊಳ್ಳುತ್ತಿದ್ದವು. ಕೆಳಗೆ ನಮ್ಮ ಕರು ಕೈಗೆಟಕಿದ ಮಾವಿನ ತೋರಣ ಮುಗಿಸಿ, ಅಲ್ಲಲ್ಲ, ಬಾಯಿಗೆಟಕಿದ್ದನ್ನು ಮುಗಿಸಿ ಬಾಗಿಲ ಕಡೆ ಹೊರಟಿತ್ತು.

ಅಳು ಬಂತು. ಅತ್ತೆ ಆ ಹೊತ್ತಿಗೆ ಸ್ನಾನ ಮುಗಿಸಿ ಹೊರಗೆ ಬಂದರು. ಮೇಲೆ ಕೆಳಗೆ ಒಮ್ಮೆ ನೋಡಿ, "ಹಂದರಾ ಗಟ್ಟಿ ಐತಿಲ್ಲೋ? ಸಾಕ ಬಿಡವಾ. ಮಂಗ್ಯಾಗೂ ಮದುವಿ ಊಟ ಆತು" ಎಂದು ಸೆರಗು ಸಿಗಿಸಿಕೊಂಡು ಕಾಗದ ಆರಿಸಲು ನಿಂತರು. ಎಂಟು ಗಂಟೆಯ ಹೊತ್ತಿಗೆ ಕಾಗದದ ಹಕ್ಕಿ ಇದ್ದಲ್ಲಿ ತೆಂಗಿನ ಗರಿಯ ಗಿಳಿಗಳು ತೂಗುತ್ತಿದ್ದವು. ಊರಿನ ಹುಡುಗರು ನಿಂತಲ್ಲೇ ಹೆಣೆದದ್ದು, ಒಂದಕ್ಕೆ ಎರಡು ನಿಮಿಷ ಸಾಕು ಅವರಿಗೆ. ಮೊದಲೇ ಅವರನ್ನು ಕೇಳಿದ್ದರೆ ಗೆಳತಿಯರ ಎರಡು ವಾರ ಉಳಿಯುತ್ತಿತ್ತು. ಬಟ್ಟೆಯ ಪತಾಕೆಗಳು ಮಾತ್ರ ಒಂಬತ್ತರ ಬಿಸಿಲಿಗೆ ಒಣಗಿ ಹಾರತೊಡಗಿದವು.

ಕರೆದದ್ದು 200 ಜನ, ಎಲೆ ಹಾಕಿದ್ದು 430. ಅಂಗಳದ ಮದುವೆಗೆ ಕರೆಯೋಲೆ ಬೇಕಿಲ್ಲ, ಹೊಗೆ ಕಂಡರೆ ಬರುತ್ತಾರೆ ಎಂದು ಅಪ್ಪಯ್ಯ ಮೊದಲೇ 400ಕ್ಕೆ ಅಕ್ಕಿ ಹಾಕಿಸಿದ್ದರು. ಎಳೆ ಹಲಸಿನಕಾಯಿ ಪಲ್ಯ, ಅಪ್ಪೆಹುಳಿ, ಹೋಳಿಗೆ. ಧಾರವಾಡದವರು ಡಬ್ಬಿಗಟ್ಟಲೆ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ತಂದಿದ್ದರು, ನಮ್ಮೂರ ಹುಡುಗರು ಅದಕ್ಕೇ ಸಾಲು ನಿಂತರು. ಹನ್ನೊಂದು ಗಂಟೆಗೆ ಕರೆಂಟ್ ಹೋಯಿತು, ಮೈಕ್ ನಿಂತಿತು. ಮೇಷ್ಟ್ರಿಗೆ ಮೈಕ್ ಯಾವ ಲೆಕ್ಕ? ಹೈಸ್ಕೂಲಿನ ದನಿಯಲ್ಲೇ ಓದಿಸಿದರು. ನಾನೂ ಇವನೂ ಹಸೆಯ ಮುಂದೆ ಚಾಪೆಯ ಮೇಲೆ ಕೂತು ಒಂದೊಂದೇ ಮಾತು ಹೇಳಿದೆವು. ಮುಗಿದ ಮೇಲೆ ಯಾರೂ ಸಾಲು ನಿಲ್ಲಲಿಲ್ಲ. ನಾವೇ ಪಂಕ್ತಿಯಿಂದ ಪಂಕ್ತಿಗೆ ಹೋಗಿ ಮಾತಾಡಿಸಿದೆವು. ಮೂರು ಗಂಟೆಗೆ ನಾನು ಸೋದರತ್ತೆಯ ಪಕ್ಕ ಕಾಲು ಚಾಚಿ ಗೋಡೆಗೆ ಒರಗಿ ಕೂತಿದ್ದೆ. ಕೈಯಲ್ಲಿ ಅರ್ಧ ಹೋಳಿಗೆ ಇತ್ತು.

ಖರ್ಚು ಕಡಿಮೆಯಾಯಿತಾ ಎಂದು ಆಫೀಸಿನಲ್ಲಿ ಎಲ್ಲರೂ ಕೇಳುತ್ತಾರೆ. ದುಡ್ಡಿನ ಖರ್ಚು ಊಟ, ಕುರ್ಚಿ, ಪಾತ್ರೆ, ನೆಂಟರಿಗೆ ಎರಡು ಬಸ್ಸು, ಬಾಡಿಗೆಗೆ ತಂದ ಎರಡು ಶೌಚಾಲಯ ಅಷ್ಟೇ. ಆದರೆ ಪುಸ್ತಕದ ಇನ್ನೊಂದು ಪುಟ ಉದ್ದ ಇದೆ. ಸೋಗೆ ಹೊತ್ತವರು ಆರು ಆಳು. ತಟ್ಟಿ ಹೆಣೆದದ್ದು ಎರಡು ದಿನ. ಹಸೆ ಬರೆದದ್ದು ಮೂವರು, ಮೂರು ದಿನ. ಗಿಳಿ ಕಟ್ಟಿದ ಹುಡುಗರು, ಎಲೆ ತೊಳೆದ ಹೆಂಗಸರು, ಚಾಲಿ ಹರಡಲು ಕೊಟ್ಟ ಪಕ್ಕದ ಮನೆಯ ಅಂಗಳ. ದೊಡ್ಡಮ್ಮನಿಗೆ ಸೀರೆ, ಅಕ್ಕಿ, ಕಾಯಿ, ಎಲೆ ಅಡಿಕೆ ಇಟ್ಟು ನಮಸ್ಕಾರ ಮಾಡಿದೆ. ದುಡ್ಡಿನ ಕವರ್ ವಾಪಸ್ ಕೊಟ್ಟರು. "ಮೊಮ್ಮಗಳ ಮದುವೆ ಮುಂದಿನ ವರ್ಷ. ಬಣ್ಣ ಹಾಕಕ್ಕೆ ನೀ ಬರ್ಬೇಕು" ಎಂದರು. ಆ ಮದುವೆ ಈಗ ಮಾರ್ಚಿನಲ್ಲಿದೆ. ನಾಲ್ಕು ದಿನ ರಜೆ ಹಾಕಿದ್ದೇನೆ. ಹುಡುಗಿಗೆ ಚೊಗರಿನ ಪತಾಕೆಯೇ ಬೇಕಂತೆ. ಬೆಲ್ಲದ ನೀರಿನಲ್ಲಿ ಮೊಳೆ ಹಾಕಿಡಲು ಅಮ್ಮನಿಗೆ ಹೇಳಿದೆ.

ಅಟ್ಟವನ್ನು ಮೇ ಕೊನೆಗೆ ಬಿಚ್ಚಿದರು. ಸೋಗೆ ತೋಟದ ಬುಡಕ್ಕೆ ಹೋಯಿತು. ಹಸೆಯ ತಟ್ಟಿಯನ್ನು ಚಿಕ್ಕಪ್ಪ ಕೊಟ್ಟಿಗೆಯ ಒಳಗೆ, ಮಳೆ ಎರಚದ ಗೋಡೆಗೆ ಒರಗಿಸಿ ಇಟ್ಟಿದ್ದಾರೆ. ದನಗಳು ಅದನ್ನೇ ನೋಡುತ್ತಾ ಮೆಲುಕು ಹಾಕುತ್ತವೆ. ಬೆಳ್ಳಗಾದ ಅರಿಶಿನದ ಪತಾಕೆಗಳನ್ನು ಎಸೆಯಿರಿ ಎಂದಿದ್ದೆ. ಅಮ್ಮ ಎಸೆಯಲಿಲ್ಲ. ಮೊನ್ನೆ ವಿಡಿಯೋ ಕಾಲ್ ಮಾಡಿ ಗದ್ದೆ ತೋರಿಸಿದರು. ಭತ್ತ ಹೊಡೆ ಬಂದಿದೆ. ಸುತ್ತ ಬೇಲಿಗೆ ಹಳೇ ಸೀರೆಗಳ ಜೊತೆ ನನ್ನ ಪತಾಕೆಗಳು ಗಾಳಿಗೆ ಪಟಪಟ ಅನ್ನುತ್ತಿದ್ದವು.

"ಹಂದಿ ಬರ್ಲಿಲ್ಲ ಈ ಸಲ" ಎಂದರು ಅಮ್ಮ.

"ಮಂಗ?"

"ಅವು ನಿನ್ನ ಮದುವೆಗೆ ಬಂದಿದ್ದವೇ ಅಲ್ದನೇ? ಗುರ್ತದೆ ಅವಕ್ಕೆ. ಹೆದ್ರದೇ ಇಲ್ಲ."